ತಾತನ ಪದಕಗಳನ್ನು ಯಾರೂ ಬೆಳ್ಳಿಗೆ ಮಾರಿಲ್ಲ

ಲಂಡನ್

ತೀರ್ಥರೂಪ ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬೇರೆ ಮಾತು ಬಂದುಬಿಡುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀವು ಕಳಿಸಿದ ತಾತನ ಕಪ್ಪು-ಬಿಳುಪು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಎದೆಯ ಮೇಲೆ ಎರಡನೇ ಮಹಾಯುದ್ಧದ ಮೂರು ಪದಕಗಳಿವೆ. ಎರಡು ನಕ್ಷತ್ರ, ಒಂದು ದುಂಡನೆಯದು. ಎರಡನೇ ನಕ್ಷತ್ರದ ರಿಬ್ಬನ್ನಿನಲ್ಲಿ ಒಂದೇ ಅಗಲದ ಐದು ಪಟ್ಟಿಗಳು ಕಾಣುತ್ತವೆ. ಅದು ಇಟಲಿಯಲ್ಲಿ ಯುದ್ಧ ಮಾಡಿದವರಿಗೆ ಕೊಟ್ಟ ಇಟಲಿ ಸ್ಟಾರ್. ನಿಜವಾದ ಬಣ್ಣ ಕೆಂಪು, ಬಿಳಿ, ಹಸಿರು, ಮತ್ತೆ ಬಿಳಿ, ಕೆಂಪು. ಮೊದಲನೆಯದು 1939-45ರ ಸ್ಟಾರ್, ದುಂಡನೆಯದು ವಾರ್ ಮೆಡಲ್.

ಕಾಣೆಯಾದ ಈ ಪದಕಗಳನ್ನು ಚಿಕ್ಕಪ್ಪ ಬೆಳ್ಳಿ ಅಂತ ಅಕ್ಕಸಾಲಿಗೆ ಕೊಟ್ಟುಬಂದರು ಅನ್ನುವ ಮಾತು ನಮ್ಮ ಮನೆಯಲ್ಲಿ ಇದೆಯಲ್ಲ? ಅಪ್ಪ, ಅವುಗಳಲ್ಲಿ ಬೆಳ್ಳಿಯೇ ಇಲ್ಲ. ಸ್ಟಾರ್‌ಗಳು ತಾಮ್ರ, ಸತು ಬೆರೆಸಿ ಮಾಡಿದವು, ಹಿತ್ತಾಳೆಯ ಜಾತಿ. ವಾರ್ ಮೆಡಲ್ ತಾಮ್ರ ಮತ್ತು ನಿಕಲ್. ಅಕ್ಕಸಾಲಿ ಒರೆಗಲ್ಲಿಗೆ ಹಚ್ಚಿದ ಕೂಡಲೇ ವಾಪಸ್ ಕೊಡುತ್ತಿದ್ದ. ಚಿಕ್ಕಪ್ಪ ಇಷ್ಟು ವರ್ಷ ಇದನ್ನು ಸುಮ್ನೆ ಕೇಳಿಸಿಕೊಂಡಿದ್ದಾರೆ. ನೆನೆದರೆ ಸಂಕಟವಾಗುತ್ತದೆ.

ತಾತ ಹೇಳುತ್ತಿದ್ದ 'ಗುಡ್ಡದ ಮೇಲಿನ ಒಡೆದ ಮಠ' ಇಟಲಿಯ ಮಾಂಟೆ ಕಸಿನೋ ಇರಬೇಕು. 1944ರ ಫೆಬ್ರವರಿ 15ರಂದು ಮಿತ್ರಪಡೆಗಳ ವಿಮಾನಗಳು ಅದನ್ನು ಬಾಂಬ್ ಹಾಕಿ ಕೆಡವಿದವು. ಆಗ ಅಲ್ಲಿ 4ನೇ ಇಂಡಿಯನ್ ಡಿವಿಷನ್ ಇತ್ತು, ಅದರಲ್ಲಿ ತಾತನ ಮದ್ರಾಸ್ ಸ್ಯಾಪರ್ಸ್‌ನವರೂ, ಅಂದರೆ ದಾರಿ, ಸೇತುವೆ ಕಟ್ಟುವ ಸೈನಿಕರೂ ಇದ್ದರು. ಮಠದ ಹಿಂದಿನ ಬೆಟ್ಟದ ಕಾಲುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದ್ದು ಆ ಡಿವಿಷನ್ನಿನ ಸ್ಯಾಪರ್‌ಗಳು, ನ್ಯೂಜಿಲೆಂಡಿನವರ ಜೊತೆ ಸೇರಿ. ಚಳಿಗಾಲದ ಬಂಡೆ ಗುಡ್ಡದಲ್ಲಿ, ಶತ್ರುವಿನ ಫಿರಂಗಿಗಳು ಹತ್ತಿರದಲ್ಲೇ ಇರುವಾಗ! ತಾತ ಯಾಕೆ ಜಾಸ್ತಿ ಮಾತಾಡುತ್ತಿರಲಿಲ್ಲ ಅಂತ ಈಗ ಸ್ವಲ್ಪ ತಿಳಿಯುತ್ತದೆ.

ಇಲ್ಲಿ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪಡೆಗಳು ಯುದ್ಧದಲ್ಲಿ ದಿನದಿನ ಬರೆದಿಟ್ಟ ವಾರ್ ಡೈರಿಗಳಿವೆ. ಅವುಗಳಲ್ಲಿ ಆಫೀಸರುಗಳ ಹೆಸರೇ ಹೆಚ್ಚು. ಸಿಪಾಯಿಗಳು ಬಹುಪಾಲು ಬರೀ ಲೆಕ್ಕಕ್ಕೆ ಬರುತ್ತಾರೆ, ಇಷ್ಟು ಜನ ಸತ್ತರು, ಇಷ್ಟು ಜನಕ್ಕೆ ಗಾಯ. ಓದುವಾಗ ಹೊಟ್ಟೆ ಉರಿಯಿತು. ನಮ್ಮ ಸಿಪಾಯಿಗಳ ಸೇವಾ ದಾಖಲೆಗಳು ಇಂಗ್ಲೆಂಡಿನಲ್ಲಿಲ್ಲ, ಅವರವರ ರೆಜಿಮೆಂಟಿನಲ್ಲೇ ಇವೆ. ಅಂದರೆ ತಾತನದನ್ನು ಬೆಂಗಳೂರಿನಲ್ಲೇ, ಹಲಸೂರು ಕೆರೆ ಹತ್ತಿರದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಮದ್ರಾಸ್ ಸ್ಯಾಪರ್ಸ್‌ನ ಈಗಿನ ಹೆಸರು) ದಾಖಲೆ ಕಚೇರಿಯಲ್ಲಿ ಕೇಳಬೇಕು.

ಅದಕ್ಕೆ ತಾತನ ಸರ್ವಿಸ್ ನಂಬರ್ ಬೇಕು. ಅಜ್ಜಿಯ ಟ್ರಂಕಿನಲ್ಲಿ ಪಿಂಚಣಿ ಪುಸ್ತಕವೋ ತಾತನ ಡಿಸ್ಚಾರ್ಜ್ ಕಾಗದವೋ ಇದ್ದರೆ ಅದರಲ್ಲಿ ಸಿಗುತ್ತದೆ. ಇಂಡಿಯನ್ ಆರ್ಮಿಯವರಿಗೆ ಕೊಟ್ಟ ಪದಕಗಳ ಮೇಲೆ ನಂಬರ್, ಹೆಸರು ಒತ್ತುತ್ತಿದ್ದರು. ಸ್ಟಾರ್‌ನ ಬೆನ್ನಿಗೆ, ಮೆಡಲ್ಲಿನ ಅಂಚಿಗೆ. ನಮ್ಮವು ಎಂದಾದರೂ ಯಾರ ಕೈಯಲ್ಲಾದರೂ ಕಂಡರೆ ಆ ನಂಬರಿನಿಂದಲೇ ಗುರುತು ಹಿಡಿಯಬಹುದು.

ಕಚೇರಿಗೆ ಹೋಗುವಾಗ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿ. ಅಮ್ಮನ ಕೈಲಿ ಹೇಳಿ ಕಳಿಸಬೇಡಿ, ನೀವೇ ಫೋನ್ ಮಾಡಿ ಕರೆಯಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು