ಅಲೆಕ್ಸಾಂಡ್ರಿಯಾಕ್ಕೆ ಎರಡು ರಾತ್ರಿಯಾದರೂ ಕೊಡಿ

ಮಾನ್ಯರೆ,

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ಚಿತ್ರದುರ್ಗ, ದಾವಣಗೆರೆಯ ಟ್ರಾವೆಲ್ಸ್‌ನವರು ಹಂಚುವ ಕರಪತ್ರಗಳಲ್ಲಿ ದುಬೈ, ಸಿಂಗಪುರದ ಜೊತೆಗೆ ಈಗ ಈಜಿಪ್ಟ್ ಕೂಡ ಸೇರಿಕೊಂಡಿದೆ. ಸಂತೋಷ. ಪಿರಮಿಡ್ಡು, ನೈಲ್ ನದಿಯ ಹಡಗು, ಲಕ್ಸರ್ ದೇವಾಲಯ ಎಲ್ಲವೂ ಪಟ್ಟಿಯಲ್ಲಿರುತ್ತವೆ. ನಡುವೆ ಒಂದು ಸಾಲು: ‘ಅಲೆಕ್ಸಾಂಡ್ರಿಯಾ, ಒಂದು ದಿನ, ರಾತ್ರಿ ಕೈರೋಗೆ ವಾಪಸ್’. ನಮ್ಮ ತಕರಾರು ಈ ಒಂದು ಸಾಲಿನ ಬಗ್ಗೆ.

ಕೈರೋದಿಂದ ಅಲೆಕ್ಸಾಂಡ್ರಿಯಾ ಸುಮಾರು 220 ಕಿ.ಮೀ. ಹೆಚ್ಚುಕಡಿಮೆ ಚಿತ್ರದುರ್ಗದಿಂದ ಬೆಂಗಳೂರಿಗೆ ಹೋದಷ್ಟು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ, ಲಾಲ್‌ಬಾಗಿನಲ್ಲಿ ಒಂದು ಸುತ್ತು, ವಿಧಾನಸೌಧದ ಮುಂದೊಂದು ಫೋಟೊ, ಊಟ ಮುಗಿಸಿ ಸಂಜೆ ಬಸ್ಸು ಹತ್ತಿದರೆ ಬೆಂಗಳೂರು ನೋಡಿದೆವು ಎನ್ನಲಾದೀತೇ? ಹೋಗಿ ಬರುವ ದಾರಿಗೇ ಆರು ತಾಸು ಕಳೆಯುತ್ತದೆ. ಉಳಿದ ಐದು ತಾಸಿನಲ್ಲಿ ನೋಡುವುದು ಮಧ್ಯಾಹ್ನದ ಬಿಸಿಲಿನ ಊರನ್ನು. ಆ ಬಂದರು ನಗರ ಹಗಲಿನದಲ್ಲ. ಹೊತ್ತು ಇಳಿದ ಮೇಲೆ ಮನೆಮಂದಿಯೆಲ್ಲ ಕಡಲ ದಂಡೆಗೆ ಬರುತ್ತಾರೆ, ಕಾಫಿ ಅಂಗಡಿಯ ಕುರ್ಚಿಗಳು ರಸ್ತೆಗೆ ಇಳಿಯುತ್ತವೆ. ಒಂದು ದಿನದ ಪ್ಯಾಕೇಜಿನವರು ಅಷ್ಟು ಹೊತ್ತಿಗೆ ಮರುಭೂಮಿ ರಸ್ತೆಯಲ್ಲಿ ತೂಕಡಿಸುತ್ತಿರುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಹಂಪಿಯಂಥದ್ದನ್ನು ನಿರೀಕ್ಷಿಸಿ ಹೋದರೆ ನಿರಾಸೆ ಖಂಡಿತ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಕಟ್ಟಿಸಿದ ಊರು ಇಂದಿನ ಊರಿನ ಬುಡದಲ್ಲಿ ಹೂತಿದೆ. ಜಗತ್ಪ್ರಸಿದ್ಧ ದೀಪಸ್ತಂಭ ಭೂಕಂಪಗಳಿಗೆ ಉರುಳಿತು. ಅದಿದ್ದ ಜಾಗದಲ್ಲೇ 1477ರಲ್ಲಿ ಸುಲ್ತಾನ್ ಖೈತ್‌ಬೇ ಕೋಟೆ ಕಟ್ಟಿಸಲು ತೊಡಗಿದ. ಹಳೆಯ ಗ್ರಂಥಾಲಯವೂ ಇಲ್ಲ, ಈಗಿರುವುದು 2002ರಲ್ಲಿ ತೆರೆದದ್ದು. ಏಳು ಸುತ್ತಿನ ಕೋಟೆ ಹತ್ತಿ ಇಳಿದು ಅಭ್ಯಾಸವಿರುವ ನಮ್ಮವರಿಗೆ ಖೈತ್‌ಬೇ ಕೋಟೆ ಚಿಕ್ಕದೆನಿಸುತ್ತದೆ. ಅದನ್ನು ನೋಡಬೇಕಾದ್ದು ಒಳಗಿನಿಂದಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತು, ಸೂರ್ಯ ಮುಳುಗುವಾಗ. ಒಳಗೆ ಹೋಗಲೇಬೇಕೆಂದರೆ ಬೆಳಿಗ್ಗೆ ಹೋಗಿ. ಸಂಜೆಗೆ ಮುಂಚೆಯೇ ಬಾಗಿಲು ಹಾಕುತ್ತಾರೆ.

ಕೈರೋದಿಂದ ಬಸ್ಸಿಗಿಂತ ರೈಲು ಮೇಲು, ಎರಡೂವರೆಯಿಂದ ಮೂರು ತಾಸು. ಅಲೆಕ್ಸಾಂಡ್ರಿಯಾದಲ್ಲಿ ಮೊದಲು ಸಿಗುವುದು ಸಿದಿ ಗಾಬಿರ್ ನಿಲ್ದಾಣ, ಕೊನೆಯದು ಮಸ್ರ್ ನಿಲ್ದಾಣ. ಹಳೆ ಊರಿನ ನಡುವೆ ಹೋಟೆಲ್ ಮಾಡಿದವರು ಅವಸರಪಟ್ಟು ಮೊದಲನೆಯದರಲ್ಲೇ ಇಳಿದುಬಿಡುವುದುಂಟು. ಅದಕ್ಕಿಂತ ದೊಡ್ಡ ಎಡವಟ್ಟು ಸೀಟಿನದು. ಬೋಗಿ, ಸೀಟುಗಳ ನಂಬರು ಅರಬ್ಬಿ ಅಂಕಿಯಲ್ಲಿದ್ದರೆ ಕಣ್ಣು ಮೋಸ ಮಾಡುತ್ತದೆ. ಅಲ್ಲಿ ಸೊನ್ನೆ ಎಂದರೆ ಬರೀ ಒಂದು ಚುಕ್ಕೆ. ನಮಗೆ ದುಂಡನೆಯ ಸೊನ್ನೆಯಂತೆ ಕಾಣುವುದು ಐದು. ಇಂಗ್ಲಿಷಿನ ಏಳರಂತೆ ಕಾಣುವುದು ಆರು. ನಿಜವಾದ ಏಳು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ, ಎಂಟು ಅದೇ ‘ವಿ’ ಬೋರಲು ಹಾಕಿದ ಹಾಗೆ. ಹೀಗಾಗಿ ಅರವತ್ತನೇ ಸೀಟು ‘ಏಳು, ಒಂದು ಚುಕ್ಕೆ’ ಎಂದು ಕಂಡು, ಜನ ಏಳನೇ ಸೀಟಿನಲ್ಲಿ ಹೋಗಿ ಕೂರುತ್ತಾರೆ. ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಯನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು. ಹತ್ತು ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ ಅಂಗಡಿಯ ಬೆಲೆ, ಬಸ್ಸಿನ ನಂಬರು ಎಲ್ಲಕ್ಕೂ ಆಗುತ್ತದೆ.

ದುಡ್ಡಿನ ವಿಷಯ. ಪುರಾತತ್ವ ಸ್ಥಳಗಳ ಕೌಂಟರುಗಳಲ್ಲಿ ಈಗ ಹೆಚ್ಚಾಗಿ ಕಾರ್ಡ್ ಮಾತ್ರ ನಡೆಯುತ್ತದೆ. ನಮ್ಮ ಬ್ಯಾಂಕುಗಳು ಕೊಡುವ ಕಾರ್ಡಿನಲ್ಲಿ ವಿದೇಶಿ ಬಳಕೆ ನಾವಾಗಿ ತೆರೆಯುವ ತನಕ ಮುಚ್ಚಿರುತ್ತದೆ. ಇದನ್ನು ಊರಿನಲ್ಲೇ ಆ್ಯಪ್‌ನಲ್ಲಿ ತೆರೆದು ಹೊರಡಬೇಕು. ಅಲ್ಲಿಗೆ ಹೋದ ಮೇಲೆ ತೆರೆಯಲು ಹೋದರೆ, ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇಲ್ಲದೆ ಗೇಟಿನ ಹೊರಗೇ ನಿಲ್ಲಬೇಕಾಗುತ್ತದೆ. ಟ್ಯಾಕ್ಸಿ, ಕಾಫಿ, ಶೌಚಾಲಯಕ್ಕೆ ಮಾತ್ರ ಸಣ್ಣ ನೋಟುಗಳೇ ಗತಿ. ಡ್ರೋನ್ ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಬಂದರು, ನೌಕಾಪಡೆಯ ಕಟ್ಟಡಗಳತ್ತ ಕ್ಯಾಮೆರಾ ತಿರುಗಿಸುವುದೂ ಬೇಡ.

ಕಡಲ ದಂಡೆಯ ರಸ್ತೆಗೆ ಅಲ್ಲಿ ಕಾರ್ನಿಶ್ ಎನ್ನುತ್ತಾರೆ. ಕೋಟೆಯಿಂದ ಪೂರ್ವದ ಮುಂತಜಾ ಉದ್ಯಾನದವರೆಗೆ ಹದಿನೈದು ಕಿ.ಮೀ.ಗೂ ಮಿಗಿಲು. ಪೂರ್ತಿ ನಡೆಯುವ ಹಟ ಬೇಡ. ಕೋಟೆಯಿಂದ ಹೊಸ ಗ್ರಂಥಾಲಯದವರೆಗಿನ ಬಾಗಿದ ದಂಡೆ ಸಾಕು, ಊರಿನ ಹಳೆಯ ಚೆಲುವೆಲ್ಲ ಅಲ್ಲೇ ಇದೆ. ಉಳಿದದ್ದಕ್ಕೆ ‘ಮಶ್ರೂ’ ಎಂದು ಕರೆಯುವ ಮಿನಿ ವ್ಯಾನುಗಳಿವೆ, ಹಳದಿ-ಕಪ್ಪು ಟ್ಯಾಕ್ಸಿಗಳಿವೆ. ಟ್ಯಾಕ್ಸಿಯಾದರೆ ಹತ್ತುವ ಮುನ್ನವೇ ಬಾಡಿಗೆ ಮಾತಾಡಿಕೊಳ್ಳಿ, ಮೀಟರನ್ನು ನಂಬಬೇಡಿ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಅಂದರೆ ಕೋಟೆಯಿಂದ ಮುಂತಜಾಕ್ಕೆ ಹೋಗುವಾಗ ನೀವು ಕಟ್ಟಡಗಳ ಪಕ್ಕದಲ್ಲಿರುತ್ತೀರಿ, ನಿಮಗೂ ಸಮುದ್ರಕ್ಕೂ ನಡುವೆ ಎದುರು ಬರುವ ವಾಹನಗಳ ಸಾಲು. ಕಡಲು ನೋಡಬೇಕಾದರೆ ವಾಪಸ್ ಬರುವಾಗ ಬಲಗಡೆಯ ಕಿಟಕಿ ಹಿಡಿಯಬೇಕು. ರಸ್ತೆ ದಾಟಲು ಸುರಂಗ ದಾರಿ ಇರುವಲ್ಲಿ ಅದನ್ನೇ ಬಳಸಿ. ಎಂಟು ಸಾಲು ವಾಹನಗಳ ನಡುವೆ ಅಲ್ಲಿಯವರು ನಡೆದಂತೆ ನಡೆಯುವ ವಿದ್ಯೆ ಎರಡು ದಿನದಲ್ಲಿ ಬರುವಂಥದ್ದಲ್ಲ.

ನೀರಿಗಿಳಿಯುವುದರ ಬಗ್ಗೆ ಸ್ವಲ್ಪ ಬಿರುಸಾಗಿಯೇ ಹೇಳಬೇಕಿದೆ. ನಾವು ಬಯಲುಸೀಮೆಯವರು, ಕೆರೆ-ಬಾವಿಯ ಈಜು ಬಲ್ಲವರಿಗೂ ಕಡಲಿನ ಸೆಳೆತ ಹೊಸದು. ಸಾಲು ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ ಕಂಡರೆ ಅದು ಸುರಕ್ಷಿತ ಜಾಗವಲ್ಲ. ದಡಕ್ಕೆ ಬಂದ ನೀರೆಲ್ಲ ಹಿಂದಕ್ಕೆ ಓಡುವ ದಾರಿ. ಸಿಕ್ಕಿಕೊಂಡರೆ ದಡದತ್ತ ನೇರ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆಮೇಲೆ ಒಳಗೆ ಬರಬೇಕು. ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲು ನೀರೂ ಬೇಡ. ದಂಡೆಗೆ ಪೇರಿಸಿದ ಕಾಂಕ್ರೀಟ್ ದಿಂಡುಗಳ ಮೇಲೆ ಸೆಲ್ಫಿಗೆ ಇಳಿಯುವವರು ಪಾಚಿಗೆ ಜಾರುತ್ತಾರೆ. ಮೇಲೆ ಒಣಗಿ ಕಂಡರೂ ಅಲೆ ತಾಕುವ ಅಂಚು ಎಣ್ಣೆ ಸವರಿದಂತಿರುತ್ತದೆ.

ಯಾವಾಗ ಹೋಗಬೇಕು? ಜುಲೈ, ಆಗಸ್ಟ್‌ನಲ್ಲಿ ಸೆಕೆ ತಾಳದೆ ಕೈರೋದ ಜನವೆಲ್ಲ ಅಲ್ಲಿಗೇ ಬರುತ್ತಾರೆ, ಬಾಡಿಗೆ ಏರುತ್ತದೆ. ದಸರಾ ಹೊತ್ತು ಬಹಳ ಒಳ್ಳೆಯದು, ನೀರಿನ ಬೆಚ್ಚನೆ ಇನ್ನೂ ಉಳಿದಿರುತ್ತದೆ. ನಮ್ಮ ರೈತರು ಸ್ವಾತಿ, ವಿಶಾಖ ಎಂದು ಮಳೆ ಎಣಿಸುವ ಹಾಗೆ ಅಲ್ಲಿಯ ಮೀನುಗಾರರು ಚಳಿಗಾಲದ ಬಿರುಗಾಳಿಗಳನ್ನು ಹೆಸರಿಟ್ಟು ಎಣಿಸುತ್ತಾರೆ. ಬಿರುಗಾಳಿಗೆ ‘ನವ್ವಾ’ ಎಂದು ಹೆಸರು. ನಮ್ಮಲ್ಲಿ ವಿಶಾಖ ಮಳೆ ಮುಗಿಯುವ ನವೆಂಬರ್ ನಡುವಿಗೆ ಅಲ್ಲಿ ‘ಮಕ್ನಸಾ’, ಅಂದರೆ ಪೊರಕೆ ಗಾಳಿ. ಡಿಸೆಂಬರ್ ಮೊದಲಿಗೆ ‘ಖಾಸಿಮ್’. ಆ ದಿನಗಳಲ್ಲಿ ಅಲೆ ಕಾರ್ನಿಶ್ ಹಾರಿ ರಸ್ತೆಗೆ ಬೀಳುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವವರು ಸ್ವೆಟರ್ ಅಲ್ಲ, ಗಾಳಿ ತಡೆಯುವ ಜಾಕೆಟ್ ಒಯ್ಯಬೇಕು.

ನಮ್ಮ ಕಡೆಯವರಲ್ಲಿ ಸಸ್ಯಾಹಾರಿಗಳು ಹೆಚ್ಚು, ಅವರಿಗೆ ಊಟದ ಚಿಂತೆ. ಉಪವಾಸವೇನೂ ಬೀಳುವುದಿಲ್ಲ. ಬೆಳಿಗ್ಗೆ ‘ಫೂಲ್’ ಎಂಬ ಬೇಯಿಸಿದ ಬಾಕ್ಲಾ ಅವರೆಯ ಗೊಜ್ಜು ಮತ್ತು ರೊಟ್ಟಿ. ಅದೇ ಕಾಳನ್ನು ಸೊಪ್ಪಿನ ಜೊತೆ ರುಬ್ಬಿ ಕರಿದ ‘ತಾಮಿಯಾ’ ನಮ್ಮ ಮಸಾಲೆ ವಡೆಯ ದಾಯಾದಿ. ಮಧ್ಯಾಹ್ನಕ್ಕೆ ‘ಕೊಶರಿ’: ಅನ್ನ, ಮಸೂರ, ಮ್ಯಾಕರೋನಿ, ಕಡಲೆ, ಮೇಲೆ ಟೊಮೆಟೊ ಸಾರು, ಕರಿದ ಈರುಳ್ಳಿ. ತೊಡಕಾಗುವುದು ಮಾತಿನಲ್ಲಿ. ‘ಲಹ್ಮಾ ಬೇಡ’ ಎಂದರೆ ಅವರ ಲೆಕ್ಕದಲ್ಲಿ ಕೆಂಪು ಮಾಂಸ ಬೇಡವೆಂದಷ್ಟೇ. ಕೋಳಿ ಹಾಕಿ ತಂದಿಡುತ್ತಾರೆ, ತಪ್ಪು ಅವರದಲ್ಲ. ‘ಲಹ್ಮಾ, ಫಿರಾಖ್, ಸಮಕ್’ ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ ಬೇಡವೆನ್ನಬೇಕು. ‘ಮುಲುಖಿಯಾ’ ಎಂಬ ಸೊಪ್ಪಿನ ಸಾರು ನೋಡಲು ಅಪ್ಪಟ ಸಸ್ಯಾಹಾರ. ಅದನ್ನು ಸಾಮಾನ್ಯವಾಗಿ ಕೋಳಿ ಇಲ್ಲವೇ ಮೊಲದ ಕಟ್ಟಿನಲ್ಲಿ ಮಾಡುತ್ತಾರೆ. ಕಾಪ್ಟಿಕ್ ಕ್ರೈಸ್ತರ ವ್ರತದ ಅಡುಗೆಗೆ ‘ಸಿಯಾಮಿ’ ಎನ್ನುತ್ತಾರೆ, ಹಾಲು, ಮೊಟ್ಟೆ ಕೂಡ ಇರುವುದಿಲ್ಲ. ಆದರೆ ಕೆಲವು ವ್ರತಗಳಲ್ಲಿ ಮೀನು ನಡೆಯುತ್ತದೆ, ಕೇಳಿ ತಿನ್ನಿ.

ಮೀನು ತಿನ್ನುವವರಿಗೆ ಅದು ಸ್ವರ್ಗ. ಐಸಿನ ಮೇಲಿನ ಮೀನನ್ನು ನೀವೇ ಆರಿಸಿ, ನಿಮ್ಮ ಎದುರೇ ತೂಗಿಸಿ, ಬೇಯಿಸುವ ಕೂಲಿ ಸೇರಿ ಎಷ್ಟೆಂದು ಆಗಲೇ ಕೇಳಿಬಿಡಿ. ಗೋಧಿ ತೌಡು ಸವರಿ ಕೆಂಡದಲ್ಲಿ ಸುಟ್ಟ ‘ರದ್ದಾ’ ಆ ಊರಿನದೇ ರುಚಿ.

ಕಾಫಿಗೆ ಸಕ್ಕರೆ ಆಮೇಲೆ ಹಾಕಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಪುಡಿ, ನೀರು, ಸಕ್ಕರೆ ಮೂರನ್ನೂ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಒಟ್ಟಿಗೇ ಕಾಯಿಸುತ್ತಾರೆ. ಪಾತ್ರೆಯ ಹೆಸರು ‘ಕನಕ’. ಕೇಳಿದೊಡನೆ ಕನಕದಾಸರು ನೆನಪಾದರೆ ತಪ್ಪಿಲ್ಲ. ಆದ್ದರಿಂದ ಹೇಳುವಾಗಲೇ ಸಿಹಿ ಎಷ್ಟೆಂದು ಹೇಳಬೇಕು: ‘ಸಾದಾ’ ಎಂದರೆ ಸಕ್ಕರೆ ಇಲ್ಲ, ‘ಮಜ್ಬೂತ್’ ಎಂದರೆ ಹದ, ‘ಜಿಯಾದಾ’ ಎಂದರೆ ಜಾಸ್ತಿ. ಏಲಕ್ಕಿ ಮುಂತಾದ ಮಸಾಲೆ ಬೇಕಿದ್ದರೆ ‘ಮುಹವ್ವಿಗ್’. ಬಂದ ಮೇಲೆ ಎರಡು ನಿಮಿಷ ಮುಟ್ಟಬಾರದು, ಚಮಚ ಆಡಿಸಲೂ ಬಾರದು, ಗಷ್ಟು ತಳಕ್ಕಿಳಿಯಬೇಕು. ಕೊನೆಯ ಗುಟುಕನ್ನು ಬಿಟ್ಟುಬಿಡಿ. ಪಕ್ಕದ ಮೇಜಿನಲ್ಲಿ ದಾಳ ಉರುಳಿಸುತ್ತಾ ‘ದು’, ‘ಸೆ’, ‘ಶೇಶ್’ ಎಂದು ಫಾರಸಿ ಎಣಿಕೆಯಲ್ಲಿ ಕೂಗುತ್ತಿರುತ್ತಾರೆ. ಆಟದ ಹೆಸರು ತಾವ್ಲಾ. ಪಗಡೆ ಬಲ್ಲವರಿಗೆ ಕಾಲು ಗಂಟೆಯಲ್ಲಿ ಅರ್ಥವಾಗುತ್ತದೆ.

ಚಿತ್ರದುರ್ಗದವರು ಬಿಡಬಾರದ್ದು ಎರಡು. ಒಂದು, ಕೋಮ್ ಎಲ್ ಶುಕಾಫಾ ನೆಲಮಾಳಿಗೆ ಸಮಾಧಿಗಳು. ಅಂಕಲಿ ಮಠದ ಗುಹೆಗಿಳಿದ ಹಾಗೆಯೇ, ಆದರೆ ಬಾವಿಯ ಸುತ್ತ ಸುತ್ತುವ ಸುಮಾರು ನೂರು ಮೆಟ್ಟಿಲು. ಆ ಬಾವಿಯೊಳಗಿಂದಲೇ ಹಗ್ಗ ಕಟ್ಟಿ ಶವ ಇಳಿಸುತ್ತಿದ್ದರು. ಕೆಳಗೆ ನರಿಮೊಗದ ಅನುಬಿಸ್ ದೇವರು ರೋಮನ್ ಸೈನಿಕನ ಉಡುಪಿನಲ್ಲಿ ನಿಂತಿದ್ದಾನೆ. ಹೆಸರಿನ ಅರ್ಥ ‘ಬೋಕಿಗಳ ದಿಬ್ಬ’: ಸತ್ತವರ ಮನೆಯವರು ಅಲ್ಲೇ ಉಂಡು, ಆ ಮಡಕೆಗಳನ್ನು ಮನೆಗೆ ಒಯ್ಯದೆ ಒಡೆದು ಹೋಗುತ್ತಿದ್ದರಂತೆ. ಮಂಡಿ ನೋವಿನವರು ಮೇಲೇ ಕೂರುವುದು ಲೇಸು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸುಮಾರು 27 ಮೀಟರ್ ಎತ್ತರದ ಅಸ್ವಾನ್ ಗ್ರಾನೈಟ್ ಕಂಬವಿದೆ. ಹೆಸರು ರೋಮನ್ ಸೇನಾನಿ ಪಾಂಪೆಯದು, ನಿಲ್ಲಿಸಿದ್ದು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಗೌರವಕ್ಕೆ.

ಎರಡು, 2023ರ ಅಕ್ಟೋಬರಿನಲ್ಲಿ ಮತ್ತೆ ತೆರೆದ ಗ್ರೀಕ್-ರೋಮನ್ ಮ್ಯೂಸಿಯಂ. ನಮ್ಮ ಚಂದ್ರವಳ್ಳಿಯ ಉತ್ಖನನದಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಭಾರತದ ಮೆಣಸು, ಬಟ್ಟೆ ಆ ಕಾಲದಲ್ಲಿ ಕೆಂಪು ಸಮುದ್ರದ ಬಂದರಿಗೆ ಹೋಗಿ, ಒಂಟೆಯ ಮೇಲೆ ಮರುಭೂಮಿ ದಾಟಿ, ನೈಲ್ ನದಿಯಲ್ಲಿ ದೋಣಿಯೇರಿ ಸೇರುತ್ತಿದ್ದುದು ಅಲೆಕ್ಸಾಂಡ್ರಿಯಾವನ್ನು. ಸರಕಿನ ಕಾಲು ಭಾಗ ಸುಂಕಕ್ಕೇ ಹೋಗುತ್ತಿತ್ತು. ಒಂದು ದಿನದ ಪ್ಯಾಕೇಜಿನಲ್ಲಿ ಈ ಮ್ಯೂಸಿಯಂಗೆ ಜಾಗವೇ ಇರುವುದಿಲ್ಲ.

ಗ್ರಂಥಾಲಯವನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಬೇಡಿ. ದೊಡ್ಡ ಚೀಲ ಹೊರಗೆ ಬಿಡಬೇಕಾಗುತ್ತದೆ. ಹೊರಗೋಡೆಯ ಗ್ರಾನೈಟಿನಲ್ಲಿ ಲೋಕದ ನೂರಿಪ್ಪತ್ತು ಲಿಪಿಗಳ ಅಕ್ಷರ ಕೊರೆದಿದ್ದಾರೆ, ಮಕ್ಕಳನ್ನು ಹುಡುಕಲು ಬಿಟ್ಟರೆ ಅರ್ಧ ಗಂಟೆ ನಿಮಗೆ ಬಿಡುವು. ಹಳೆ ಪುಸ್ತಕದ ಹುಚ್ಚಿದ್ದವರು ನಬಿ ದಾನಿಯಲ್ ಬೀದಿಯ ಅಂಗಡಿಗಳಿಗೆ ಹೋಗಬಹುದು.

ಮುಂಗಡ ಕಟ್ಟುವ ಮೊದಲು ಏಜೆಂಟರನ್ನು ಕೇಳಬೇಕಾದ್ದು ಇಷ್ಟೇ: ಅಲೆಕ್ಸಾಂಡ್ರಿಯಾದಲ್ಲಿ ಎಷ್ಟು ರಾತ್ರಿ, ಯಾವ ವಾರ, ಹೋಟೆಲು ಕಾರ್ನಿಶ್‌ನಿಂದ ಎಷ್ಟು ದೂರ. ಸಮುದ್ರದ ಕಡೆಯ ಕೋಣೆಗೆ ಬಾಡಿಗೆ ಜಾಸ್ತಿ. ಹಗುರ ನಿದ್ದೆಯವರು ಆ ದುಡ್ಡು ಉಳಿಸಿ ಹಿಂಬದಿಯ ಕೋಣೆ ಕೇಳಲಿ, ಕಾರ್ನಿಶ್ ಮೇಲೆ ಹಾರ್ನು ಬೆಳಗಿನ ಜಾವದವರೆಗೂ ನಿಲ್ಲುವುದಿಲ್ಲ.

– ಈಜಿಪ್ಟ್ ಪ್ರವಾಸಗಳ ವ್ಯವಸ್ಥೆ ನೋಡಿಕೊಳ್ಳುವ ಇಬ್ಬರು ಓದುಗರು, ಚಿತ್ರದುರ್ಗ