ಮಡ್ಜ್ ರೋಸ್ ಮುಳುಗಿದ್ದು ವಾಟರ್‌ಗೇಟ್‌ನಿಂದಲ್ಲ

ಮಾನ್ಯ ಸಂಪಾದಕರೆ,

ಎದುರು ಪಕ್ಷದ ಕಚೇರಿಗೆ ನುಗ್ಗಿದ್ದನ್ನು ಮುಚ್ಚಿಹಾಕಲು ಹೋದ ಅಮೆರಿಕದ ವಾಟರ್‌ಗೇಟ್ ಹಗರಣದ ಬಗ್ಗೆ ಬರೆಯುವವರು ನ್ಯೂಯಾರ್ಕಿನ ಮಡ್ಜ್ ರೋಸ್ ವಕೀಲ ಸಂಸ್ಥೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ರಿಚರ್ಡ್ ನಿಕ್ಸನ್ ಪಾಲುದಾರರಾಗಿದ್ದ ಸಂಸ್ಥೆ, ಆಮೇಲೆ ಮುಚ್ಚಿಹೋಯಿತು. ಓದಿದವರು ಎರಡಕ್ಕೂ ತಾವೇ ಗಂಟು ಹಾಕಿಕೊಳ್ಳುತ್ತಾರೆ. ಆ ಹಗರಣದಿಂದಾಗಿ ನಿಕ್ಸನ್ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದು 1974ರಲ್ಲಿ, ಸಂಸ್ಥೆ ಬಾಗಿಲು ಹಾಕಿದ್ದು 1995ರಲ್ಲಿ. ನಡುವಿನ 21 ವರ್ಷ ಅದನ್ನು ಸಾಕಿದ್ದು ಸರ್ಕಾರಿ ಬಾಂಡುಗಳ, ಅಂದರೆ ಸಾಲಪತ್ರಗಳ, ಕೆಲಸ. ಕೊನೆಗೆ ಅದನ್ನು ಕೆಡವಿದ್ದೂ ಬಹುಮಟ್ಟಿಗೆ ಅದೇ. ಈ ಭಾಗ ಎಲ್ಲಿಯೂ ಸರಿಯಾಗಿ ಬರುವುದಿಲ್ಲವಾದ್ದರಿಂದ ಈ ಪತ್ರ.

ಸಂಸ್ಥೆಯ ಮೂಲ 1869ರದು. 1962ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆ ಸೋತ ನಿಕ್ಸನ್ ಮರುವರ್ಷ ಇಲ್ಲಿಗೆ ಬಂದರು. ಷೇರುಪೇಟೆಯ ಪಕ್ಕದ 20 ಬ್ರಾಡ್ ಸ್ಟ್ರೀಟ್ ಕಟ್ಟಡದಲ್ಲಿ ಅವರ ಕಚೇರಿ. ಅವರ ಜೊತೆ ಪೆಪ್ಸಿ ಕಂಪನಿಯ ಕೆಲಸವೂ ಬಂತು, ನಾಮಫಲಕದಲ್ಲಿ ಅವರ ಹೆಸರೇ ಮೊದಲಾಯಿತು. ಅವರನ್ನು ಬರೀ ಅಲಂಕಾರಕ್ಕೆ ಇಟ್ಟುಕೊಂಡಿದ್ದರು ಎನ್ನುವುದು ಮಾತ್ರ ಅನ್ಯಾಯ. ‘ಟೈಮ್ ವಿರುದ್ಧ ಹಿಲ್’ ಮೊಕದ್ದಮೆಯಲ್ಲಿ 1966ರಲ್ಲಿ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಎರಡು ಸಲ ವಾದಿಸಿದರು. ಒಂದು ಕುಟುಂಬದ ಖಾಸಗಿತನ ಮತ್ತು ಪತ್ರಿಕಾ ಸ್ವಾತಂತ್ರ್ಯದ ನಡುವಿನ ಆ ಕೇಸನ್ನು 1967ರ ಜನವರಿಯಲ್ಲಿ ಅವರು ಸೋತರು. ಆದರೂ ಅದು ಗಟ್ಟಿ ವಕೀಲಿಕೆ.

ಸಂಸ್ಥೆಯ ಮುಂದಿನ ದಾರಿಯನ್ನು ನಿರ್ಧರಿಸಿದವರು ನಿಕ್ಸನ್ ಅಲ್ಲ, ಜಾನ್ ಮಿಚೆಲ್. ಕಾಲ್ಡ್‌ವೆಲ್ ಎಂಬ ಬಾಂಡ್ ವಕೀಲರ ಸಂಸ್ಥೆಯಲ್ಲಿದ್ದ ಅವರು 1967ರ ಆರಂಭದಲ್ಲಿ ಅದರ ಸಮೇತ ಇಲ್ಲಿ ವಿಲೀನವಾದರು.

ಬಾಂಡ್ ವಕೀಲರ ಕೆಲಸ ಏನೆಂದು ಹೇಳದೆ ಉಳಿದದ್ದು ಅರ್ಥವಾಗದು. ಊರಿಗೆ ನೀರಿನ ಕೊಳವೆಯೋ ಶಾಲೆಯೋ ಬೇಕಾದಾಗ ಅಮೆರಿಕದ ನಗರಸಭೆಗಳು, ರಾಜ್ಯಗಳು ಬಾಂಡ್ ಮಾರಿ ಸಾಲ ಎತ್ತುತ್ತವೆ. 19ನೇ ಶತಮಾನದಲ್ಲಿ ರೈಲು ಬರಲೆಂದು ಹೀಗೆ ಸಾಲ ಮಾಡಿದ ಹಲವು ಊರುಗಳು ತೀರಿಸುವ ಹೊತ್ತಿಗೆ ‘ಈ ಸಾಲ ಮಾಡುವ ಅಧಿಕಾರವೇ ನಮಗಿರಲಿಲ್ಲ’ ಎಂದು ಕೋರ್ಟಿನಲ್ಲಿ ಕೈ ಎತ್ತಿದವು. ಅಲ್ಲಿಂದ ಕೊಳ್ಳುವವರು ಹೊರಗಿನ ವಕೀಲರ ಅಭಿಪ್ರಾಯ ಪತ್ರ ಕೇಳತೊಡಗಿದರು. ಪುಟ ಒಂದೆರಡೇ, ಅದರಲ್ಲಿ ಇರಬೇಕಾದದ್ದು ಎರಡು ಮಾತು. ಈ ಬಾಂಡ್ ಕಾನೂನುಬದ್ಧ, ತೀರಿಸಲೇಬೇಕಾದ ಸಾಲ. ಇದರ ಬಡ್ಡಿಗೆ ಕೇಂದ್ರದ ಆದಾಯ ತೆರಿಗೆ ಇಲ್ಲ. ‘ಬಹುಶಃ’, ‘ಆದರೆ’ ಎಂಬ ಪದ ಎಲ್ಲಿ ನುಸುಳಿದರೂ ಮಾರುಕಟ್ಟೆ ಮುಟ್ಟುವುದಿಲ್ಲ. ಅದಕ್ಕಾಗಿ ವಕೀಲರು ಮೂಲ ಕಾಯ್ದೆ, ಸಭೆಯ ನಡಾವಳಿ, ಪ್ರಕಟಣೆಯ ದಿನಾಂಕ, ಮತ ಎಣಿಕೆ ಎಲ್ಲವನ್ನೂ ಹಾಳೆ ಹಾಳೆಯಾಗಿ ತಾಳೆ ನೋಡಬೇಕು. ಶುಲ್ಕ ಸಾಮಾನ್ಯವಾಗಿ ಬಾಂಡಿನ ಮೊತ್ತಕ್ಕೆ ತಕ್ಕಂತೆ, ಅದೂ ಬಾಂಡ್ ಮಾರಾಟವಾಗಿ ಹಣ ಕೈಸೇರಿದ ದಿನ. ಮಾರಾಟ ಮುರಿದರೆ ತಿಂಗಳುಗಟ್ಟಲೆ ದುಡಿದದ್ದೂ ನೀರಿಗೆ ಹೋದಂತೆ.

ಮಿಚೆಲ್ ಈ ಕಸುಬಿನಲ್ಲಿ ಪಳಗಿದವರು. ನ್ಯೂಯಾರ್ಕ್ ರಾಜ್ಯದ ಸಂವಿಧಾನದಂತೆ ರಾಜ್ಯದ ಹೊಣೆಯ ಸಾಲಕ್ಕೆ ಮತದಾರರ ಒಪ್ಪಿಗೆ ಬೇಕು. ವಸತಿ ಯೋಜನೆಗಳ ಸಾಲಕ್ಕೆ ಮತದಾರರು ಇಲ್ಲವೆನ್ನುತ್ತಿದ್ದರು. ಗವರ್ನರ್ ನೆಲ್ಸನ್ ರಾಕ್‌ಫೆಲರ್‌ಗೆ ಮನೆ ಕಟ್ಟಿಸಬೇಕಿತ್ತು. 1960ರಲ್ಲಿ ಮಿಚೆಲ್ ತೋರಿಸಿದ ದಾರಿಯೇ ‘ನೈತಿಕ ಹೊಣೆಯ ಬಾಂಡ್’. ಸಾಲ ಮಾಡುವುದು ರಾಜ್ಯವಲ್ಲ, ಅದು ಹುಟ್ಟುಹಾಕಿದ ಪ್ರಾಧಿಕಾರ. ಒಂದು ವರ್ಷದ ಅತಿ ಹೆಚ್ಚಿನ ಅಸಲು-ಬಡ್ಡಿಯಷ್ಟು ಹಣ ಮೀಸಲು ನಿಧಿಯಲ್ಲಿ ಇರುತ್ತದೆ. ಅದು ಕರಗಿದರೆ ಪ್ರಾಧಿಕಾರದ ಅಧ್ಯಕ್ಷರು ಗವರ್ನರಿಗೆ ಲೆಕ್ಕ ಬರೆದು ಕಳಿಸುತ್ತಾರೆ, ಶಾಸನಸಭೆ ತುಂಬಿಕೊಡುತ್ತದೆಂಬ ನಿರೀಕ್ಷೆ. ಕೊಡದಿದ್ದರೆ ಕೋರ್ಟಿನಲ್ಲಿ ಕೇಳುವಂತಿಲ್ಲ. ಸಾಲ ಕೊಟ್ಟವರಿಗೆ ಮಾತು, ಮತದಾರರಿಗೆ ಮೌನ. ಕಾನೂನಿನ ಕಣ್ಣಿಗೆ ಇದರಲ್ಲಿ ದೋಷವಿಲ್ಲ, ಆದರೆ ಮತದಾರರ ಕೈಯಲ್ಲಿದ್ದ ಬೀಗವನ್ನು ಅವರಿಗೆ ಹೇಳದೆ ಬಿಚ್ಚಿದ್ದು ತಪ್ಪು ಎಂದೇ ಹೇಳಬೇಕು.

ಆ ತಪ್ಪಿನ ಬೆಲೆ 1975ರ ಫೆಬ್ರವರಿಯಲ್ಲಿ ಗೊತ್ತಾಯಿತು. ರಾಜ್ಯದ ನಗರಾಭಿವೃದ್ಧಿ ನಿಗಮ ಕಿರು ಅವಧಿಯ ಸಾಲ ತೀರಿಸಲು ಹೊಸ ಬಾಂಡ್ ಮಾರಬೇಕಿತ್ತು. ಬರೀ ನೈತಿಕ ಹೊಣೆಯನ್ನು ನಂಬಿ ಇನ್ನು ಹಣ ಹಾಕುವುದಿಲ್ಲ ಎಂದು ಬ್ಯಾಂಕುಗಳು ಕೂತವು. 10 ಕೋಟಿ ಡಾಲರಿಗೂ ಹೆಚ್ಚಿನ ಸಾಲದ ಗಡುವು ತಪ್ಪಿತು. ಆಮೇಲೆ ರಾಜ್ಯವೇ ಮಧ್ಯೆ ಬಂದು ತೀರಿಸುವ ವ್ಯವಸ್ಥೆ ಮಾಡಬೇಕಾಯಿತು.

ರಾಜಕೀಯದ ನಂಟೂ ಇದೇ ಕಸುಬಿನಿಂದ ಬೆಳೆದದ್ದು. ಬಾಂಡ್ ವಕೀಲರಿಗೆ ರಾಜ್ಯ ರಾಜ್ಯದ ಗವರ್ನರು, ಖಜಾಂಚಿ, ಪಕ್ಷದ ಮುಖಂಡರ ಪರಿಚಯ ಕಸುಬಿನ ಬಂಡವಾಳ. 1968ರಲ್ಲಿ ನಿಕ್ಸನ್‌ರ ಪ್ರಚಾರದ ಸಾರಥ್ಯ ಮಿಚೆಲ್‌ಗೆ ಸಿಕ್ಕಿತು, ಗೆದ್ದ ಮೇಲೆ ಅಟಾರ್ನಿ ಜನರಲ್, ಅಂದರೆ ಕೇಂದ್ರದ ನ್ಯಾಯ ಇಲಾಖೆಯ ಮುಖ್ಯಸ್ಥರ ಹುದ್ದೆ. ಇನ್ನೊಬ್ಬ ಪಾಲುದಾರ ಲಿಯೊನಾರ್ಡ್ ಗಾರ್ಮೆಂಟ್ ಶ್ವೇತಭವನಕ್ಕೆ ಹೋದರು. ವಾಟರ್‌ಗೇಟ್ ಮುಚ್ಚಿಹಾಕಿದ ಪ್ರಕರಣದಲ್ಲಿ ಮಿಚೆಲ್ ತಪ್ಪಿತಸ್ಥರೆಂದು 1975ರ ಜನವರಿ 1ರಂದು ತೀರ್ಪು ಬಂತು, 19 ತಿಂಗಳು ಸೆರೆವಾಸವೂ ಆಯಿತು. 1976ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ನಿಕ್ಸನ್‌ರ ವಕೀಲಿಕೆಯನ್ನೇ ರದ್ದುಮಾಡಿತು. ಇಬ್ಬರ ಹೆಸರೂ ಫಲಕದಿಂದ ಹೋಗಿ ಆಗಲೇ ವರ್ಷಗಳಾಗಿದ್ದವು. ಸಂಸ್ಥೆ ಮಾತ್ರ ದೊಡ್ಡ ಬಾಂಡ್ ವಕೀಲರ ಸಾಲಿನಲ್ಲೇ ಉಳಿಯಿತು.

ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1986ರ ತೆರಿಗೆ ಕಾಯ್ದೆ, ಖಾಸಗಿ ಕಂಪನಿಗಳಿಗೆ ಅನುಕೂಲವಾಗುವ ಬಾಂಡುಗಳ ತೆರಿಗೆ ವಿನಾಯಿತಿಯನ್ನು ಬಿಗಿಮಾಡಿತು. 1993ರಲ್ಲಿ ಬಡ್ಡಿ ತೀರಾ ಇಳಿದಿದ್ದರಿಂದ ಎಲ್ಲರೂ ಹಳೆ ಸಾಲ ತೀರಿಸಿ ಹೊಸ ಸಾಲ ಎತ್ತಿದರು, ಬಾಂಡ್ ವಕೀಲರಿಗೆ ಸುಗ್ಗಿ. 1994ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿಯನ್ನು ಶೇ 3ರಿಂದ 5.5ಕ್ಕೆ ಏರಿಸಿತು. ಮರುಸಾಲದ ಕೆಲಸ ನಿಂತುಹೋಯಿತು, ಅದರ ಜೊತೆ ಶುಲ್ಕವೂ.

ವಕೀಲ ಸಂಸ್ಥೆ ಕುಸಿಯುವ ಬಗೆ ಕಾರ್ಖಾನೆಯಂತಲ್ಲ. ವರ್ಷದ ಲಾಭವನ್ನು ಪಾಲುದಾರರು ಆಯಾ ವರ್ಷವೇ ಹಂಚಿಕೊಳ್ಳುವುದರಿಂದ ಕೂಡಿಟ್ಟದ್ದು ಕಡಿಮೆ. ಕಟ್ಟಡದ ಬಾಡಿಗೆ ಕರಾರು ಮಾತ್ರ ಹಲವು ವರ್ಷದ್ದು. ಒಬ್ಬರು ಬೇರೆ ಸಂಸ್ಥೆಗೆ ಹೊರಟರೆ ಅವರ ಕಕ್ಷಿದಾರರೂ ಹಿಂದೆಯೇ ಹೋಗುತ್ತಾರೆ, ತಡೆಯಲು ವೃತ್ತಿ ನಿಯಮ ಬಿಡುವುದಿಲ್ಲ. ಉಳಿದವರ ತಲೆಗೆ ಬಾಡಿಗೆಯ ಪಾಲು ಹೆಚ್ಚಾಗುತ್ತದೆ. ಮರುವಾರ ಇನ್ನೊಬ್ಬರು ಹೊರಡುತ್ತಾರೆ. 1995ರಲ್ಲಿ ಪಾಲುದಾರರು ವಿಸರ್ಜನೆಗೆ ಒಪ್ಪಿದರು, ನೂರಿಪ್ಪತ್ತೈದು ವರ್ಷ ದಾಟಿದ್ದ ಸಂಸ್ಥೆ ಮುಗಿಯಿತು.

ಮಿಚೆಲ್‌ರ ಬಾಂಡ್ ಮಾತ್ರ ಮುಗಿಯಲಿಲ್ಲ. 2010ರಲ್ಲಿ ರೋಡ್ ಐಲೆಂಡ್ ರಾಜ್ಯ ಒಂದು ವಿಡಿಯೊ ಗೇಮ್ ಕಂಪನಿಗಾಗಿ 7.5 ಕೋಟಿ ಡಾಲರ್ ಸಾಲಕ್ಕೆ ಇದೇ ನೈತಿಕ ಹೊಣೆ ಹೊತ್ತಿತು. 2012ರಲ್ಲಿ ಕಂಪನಿ ದಿವಾಳಿಯಾಯಿತು. ಕೊಡಲೇಬೇಕೆಂದು ಕಾನೂನಿನಲ್ಲಿ ಇಲ್ಲವಲ್ಲ ಎಂದು ಶಾಸಕರು ವಾದಿಸಿದರು. ಕೊಡದಿದ್ದರೆ ರಾಜ್ಯದ ಸಾಲಯೋಗ್ಯತೆಯ ದರ್ಜೆ ಇಳಿಯುತ್ತದೆ ಎಂಬ ಎಚ್ಚರಿಕೆ ಬಂದ ಮೇಲೆ ಬಜೆಟ್ಟಿನಲ್ಲಿ ಹಣ ಇಟ್ಟರು.

ಇತಿ,
ಓರ್ವ ಓದುಗ