ಸುಂಡಿಲಿಯ ಜಾಡಿನಲ್ಲಿ ಜೊತೆಗಿದ್ದವರಿಗೆ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಮಲೆನಾಡಿನ ಮನೆ, ಕೊಟ್ಟಿಗೆ, ತೋಟಗಳ ಸುತ್ತ ಓಡಾಡುವ ಸುಂಡಿಲಿಗಳ ಒಡಲಲ್ಲಿ ಯಾವ ಯಾವ ವೈರಸ್‌ಗಳಿವೆ ಎಂಬುದನ್ನು ಜೀನೋಮ್ ಸೀಕ್ವೆನ್ಸಿಂಗ್ ಮೂಲಕ, ಅಂದರೆ ಅವುಗಳ ಆನುವಂಶಿಕ ಬರಹವನ್ನು ಅಕ್ಷರ ಅಕ್ಷರವಾಗಿ ಓದಿ, ಹುಡುಕುವುದು ನನ್ನ ವಿಷಯವಾಗಿತ್ತು. ಪ್ರಬಂಧದಲ್ಲಿ ಕೃತಜ್ಞತೆಗೆಂದು ಇದ್ದ ಒಂದು ಪುಟ ಮಾರ್ಗದರ್ಶಕರು, ಸಂಸ್ಥೆ, ಅನುದಾನ ಇಷ್ಟರಲ್ಲೇ ತುಂಬಿಹೋಯಿತು. ಆ ಪುಟಕ್ಕೆ ಬಾರದೆ ಉಳಿದವರನ್ನು ಇಲ್ಲಿ ನೆನೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಅವರೇ ಹೇಳಿರುವುದರಿಂದ ಹೆಸರು ಬರೆದಿಲ್ಲ.

ಮೊದಲ ನಮಸ್ಕಾರ ಸಾಗರ ತಾಲ್ಲೂಕಿನ ಆ ಮನೆಯ ಯಜಮಾನರಿಗೂ ಅಮ್ಮನಿಗೂ ಸಲ್ಲಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಉಣುಗುಗಳಿಂದ ಹರಡುವ ಹೊಸ ವೈರಸ್ಸೊಂದು ಪತ್ತೆಯಾದ ಸೀಮೆಯಿದು. ಕೈಗವಸು ಹಾಕಿಕೊಂಡು ಬಂದವರನ್ನು ಕಂಡರೆ ಇಂದಿಗೂ ಜನರ ಎದೆ ಧಸಕ್ಕೆನ್ನುತ್ತದೆ. ಹಾಗಿದ್ದೂ ಅವರು ನಮಗೆ ಕೊಟ್ಟಿಗೆಯ ಗೋಡೆಯುದ್ದಕ್ಕೂ ಬೋನು ಇಡಲು ಒಪ್ಪಿದರು. ಸುಂಡಿಲಿ ಹೆಸರಿಗೆ ಇಲಿಯಾದರೂ ಇಲಿಯ ಕುಲದ್ದಲ್ಲ. ಹುಳುಹುಪ್ಪಟೆ ತಿನ್ನುವ, ಹೆಚ್ಚು ಹೊತ್ತು ಹಸಿವು ತಡೆಯದ ಜೀವ. ಆದ್ದರಿಂದ ಬೋನನ್ನು ಬೆಳಗಿನವರೆಗೆ ಬಿಡುವಂತಿಲ್ಲ, ರಾತ್ರಿಯಲ್ಲಿ ಮೂರು ನಾಲ್ಕು ಸಲ ಎದ್ದು ನೋಡಬೇಕು. ಒಣಮೀನಿನ ಚೂರು ಎಲ್ಲಿಟ್ಟರೆ ಅದು ಬರುತ್ತದೆ ಎಂದು ತೋರಿಸಿಕೊಟ್ಟವರು ಅಮ್ಮ. ಬಚ್ಚಲ ಮೂಲೆಯಲ್ಲಿ ಅದರ ಕಟು ವಾಸನೆ ಬಂದೊಡನೆ, "ತಮ್ಮಾ, ಬಂದು ಹೋಗಿದೆ ನೋಡು" ಎಂದು ಕೂಗುತ್ತಿದ್ದರು. ನಾವು ಬೋನು ನೋಡಿದ ಹೊತ್ತನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಡುತ್ತಿದ್ದರು. ಮಳೆಗಾಲದಲ್ಲಿ ಒಮ್ಮೆ ಆರು ಟ್ಯೂಬುಗಳ ಚೀಟಿಯ ಶಾಯಿ ಅಳಿಸಿ ಹೋದಾಗ, ಯಾವ ಮಾದರಿ ಯಾವ ರಾತ್ರಿಯದು ಎಂದು ಗೊತ್ತಾದದ್ದು ಆ ಕ್ಯಾಲೆಂಡರಿನಿಂದಲೇ.

ನಾವು ಹಿಡಿದ ಜಾಡು ಹೊಸದೇನಲ್ಲ. 1964ರಲ್ಲಿ ವೆಲ್ಲೂರಿನ ತೊಟ್ಟಪಾಳಯಂನಲ್ಲಿ ಹಿಡಿದ ಒಂದು ಸುಂಡಿಲಿಯಿಂದ ಬೇರ್ಪಡಿಸಿದ ವೈರಸ್, ಬಹುಕಾಲ ತನ್ನ ಕುಲ ಯಾವುದೆಂದು ತಿಳಿಯದೆ ಸಂಗ್ರಹದಲ್ಲಿ ಉಳಿದಿತ್ತು. ಇಲಿಗಳಿಂದ ಮನುಷ್ಯರಿಗೆ ತಗಲಿ ಜ್ವರ ತರುವ ಕೊರಿಯಾದ ಹಾಂಟಾನ್ ವೈರಸ್ ಪತ್ತೆಯಾದದ್ದು 1970ರ ದಶಕದಲ್ಲಿ. ವೆಲ್ಲೂರಿನದೂ ಅದೇ ಹಾಂಟಾವೈರಸ್ ಬಳಗದ್ದೆಂದು ಗೊತ್ತಾದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಕೊನೆಗೆ ಅದರ ಜೀನೋಮನ್ನು ಪೂರ್ತಿ ಓದಿದಾಗ, ಇಲಿಗಳ ಹಾಂಟಾವೈರಸ್‌ಗಳಿಂದ ಬಹಳ ಹಿಂದೆಯೇ ಕವಲೊಡೆದ ಕೊಂಬೆ ಅದೆಂದು ಕಂಡಿತು. ಮುಂದೆ ಬೇರೆ ಬೇರೆ ದೇಶಗಳ ಮೂಗಿಲಿ, ಮೋಲ್ (ನೆಲ ಕೊರೆದು ಬದುಕುವ ಒಂದು ಸಣ್ಣ ಪ್ರಾಣಿ), ಬಾವಲಿಗಳಲ್ಲೂ ಹಾಂಟಾವೈರಸ್‌ಗಳು ಸಿಗತೊಡಗಿದವು. ಹಂಗೇರಿಯಲ್ಲಿ 1999ರಲ್ಲಿ ಹಿಡಿದಿದ್ದ ಒಂದು ಮೋಲ್‌ನ ಯಕೃತ್ತಿನ ತುಣುಕನ್ನು ಹತ್ತು ವರ್ಷದ ಮೇಲೆ ಪರೀಕ್ಷಿಸಿ ನೋವಾ ವೈರಸ್ಸನ್ನು ಗುರುತಿಸಿದರು. ಮುಂದೆ ಯಾರಿಗೆ ಬೇಕಾದೀತೆಂದು ತಿಳಿಯದೆಯೂ ಮಾದರಿಗಳನ್ನು ಜೋಪಾನವಾಗಿ ತೆಗೆದಿಟ್ಟವರಿಗೆ, ಅವರನ್ನು ನಾನು ಎಂದೂ ನೋಡದಿದ್ದರೂ, ಋಣಿಯಾಗಿದ್ದೇನೆ.

ಇನ್ನು ನಮ್ಮ ಪ್ರಯೋಗಾಲಯದ ಅಕ್ಕನ ವಿಷಯ. ಮೂರನೆಯ ವರ್ಷ, ಹಿಕ್ಕೆಯ ಮಾದರಿಗಳಿಂದ ಬಂದ ಕೋಟ್ಯಂತರ ಜೀನೋಮ್ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವಾಗ, ಪಾರ್ವೋವೈರಸ್ ಎಂಬ ಪುಟ್ಟ ವೈರಸ್ ಬಳಗವನ್ನು ಹೋಲುವ ಉದ್ದನೆಯ ಅನುಕ್ರಮವೊಂದು (ಜೀನೋಮ್ ಅಕ್ಷರಗಳ ಸಾಲು) ಹೆಚ್ಚುಕಡಿಮೆ ಎಲ್ಲ ಮಾದರಿಗಳಲ್ಲೂ ಕಾಣಿಸಿತು. ಹೊಸ ವೈರಸ್ ಸಿಕ್ಕಿತೆಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅಕ್ಕ ಕೇಳಿದ್ದು ಒಂದೇ ಮಾತು: "ನೀರಿನ ಟ್ಯೂಬನ್ನೂ ಕಳಿಸಿದ್ದೆಯಾ?" ಖರ್ಚು ಉಳಿಸಲೆಂದು ನಾನು ಅದನ್ನು ಕೈಬಿಟ್ಟಿದ್ದೆ. ಪ್ರಾಣಿಯ ಮಾದರಿಯೇ ಇಲ್ಲದ ಶುದ್ಧ ನೀರನ್ನು ಅದೇ ಕಿಟ್‌ನಲ್ಲಿ, ಅದೇ ಹಂತಗಳಲ್ಲಿ ಹಾಯಿಸಿ ಕಳಿಸುವವರೆಗೆ ಅವರು ಬಿಡಲಿಲ್ಲ. ವರದಿ ಬಂದಾಗ ನೀರಿನಲ್ಲೂ ಅದೇ ಅನುಕ್ರಮವಿತ್ತು. ಅದು ಸುಂಡಿಲಿಯದಾಗಿರದೆ ಕಿಟ್‌ನ ಕಲ್ಮಶವಾಗಿತ್ತು. ಚೀನಾದ ಹೆಪಟೈಟಿಸ್ ರೋಗಿಗಳಲ್ಲಿ ಕಂಡಿತೆಂದು ವರದಿಯಾಗಿದ್ದ ಇಂಥದೇ ಒಂದು ವೈರಸ್, ನ್ಯೂಕ್ಲಿಯಿಕ್ ಆಮ್ಲವನ್ನು (ಡಿಎನ್‌ಎ, ಆರ್‌ಎನ್‌ಎ) ಬೇರ್ಪಡಿಸುವ ಕಿಟ್‌ನ ಸಿಲಿಕಾ ಕಾಲಂ ಎಂಬ ಸೋಸು ಕೊಳವೆಯಿಂದ ಬಂದದ್ದೆಂದು 2013ರಲ್ಲೇ ಸಾಬೀತಾಗಿತ್ತು. ಅದನ್ನು ಓದಿಯೂ ನಾನು ಮರೆತಿದ್ದೆ. ಮೂರು ತಿಂಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಅಷ್ಟು ದಿನವೂ ಅಕ್ಕ ಸಂಜೆ ಕಡೆಯ ಬಸ್ಸಿನ ಹೊತ್ತಿನವರೆಗೆ ನನ್ನೊಡನೆ ನಿಂತು, ಪ್ರತಿ ಸಲದ ಮಾದರಿಗಳ ಗುಂಪಿಗೂ ಒಂದು ನೀರಿನ ಟ್ಯೂಬ್ ಸೇರಿಸಿ, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ನನ್ನ ಸಂತೋಷವನ್ನು ಕೂಡಲೇ ನಂಬದಿದ್ದುದಕ್ಕಾಗಿ ಅವರಿಗೆ ಎಷ್ಟು ವಂದನೆ ಹೇಳಿದರೂ ಕಡಿಮೆಯೇ.

ಕೊನೆಗೆ ಉಳಿದದ್ದು ಸ್ವಲ್ಪ. ಹಿಕ್ಕೆಯಲ್ಲಿ ಸಿಕ್ಕ ಬಹುಪಾಲು ವೈರಸ್‌ಗಳು ಸುಂಡಿಲಿ ತಿಂದ ಹುಳುಗಳವು. ಎರಡು ಮಾದರಿಗಳಲ್ಲಿ ಮಾತ್ರ, ನೀರಿನಲ್ಲಿ ಕಾಣದ, ಸಸ್ತನಿಗಳ ಕರುಳಿಗೆ ಸೋಂಕುವ ಆಸ್ಟ್ರೋವೈರಸ್‌ಗಳಿಗೆ ಹತ್ತಿರವಾದ ತುಣುಕುಗಳಿದ್ದವು. ಪೂರ್ಣ ಜೀನೋಮ್ ದೊರೆಯುವವರೆಗೆ ಅದಕ್ಕೆ ಹೆಸರಿಡುವುದಿಲ್ಲವೆಂದು ಪ್ರಬಂಧದಲ್ಲಿ ಬರೆದಿದ್ದೇನೆ. ಅನುಕ್ರಮ ಸಿಕ್ಕಿತೆಂದ ಮಾತ್ರಕ್ಕೆ ಅದು ಮನುಷ್ಯರಿಗೆ ರೋಗ ತರುತ್ತದೆ ಎಂದಲ್ಲ. ಇದನ್ನು ಊರಿನ ಸಭೆಯಲ್ಲಿ ವಿವರಿಸಲು ನನಗೆ ಮಾತು ಒದಗಿಸಿದ ಆಶಾ ಕಾರ್ಯಕರ್ತೆಯರಿಗೂ ವಂದನೆಗಳು.

ಪ್ರಬಂಧದ ಪ್ರತಿ ಕೊಡಲು ಮೊನ್ನೆ ಸಾಗರಕ್ಕೆ ಹೋಗಿದ್ದೆ. ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಮುಂದಿಟ್ಟು, ಒಳಗಿನಿಂದ ಆ ಮೂರು ವರ್ಷದ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ತಂದುಕೊಟ್ಟರು. ಅವು ಈಗ ಪ್ರಯೋಗಾಲಯದಲ್ಲಿ ಅಕ್ಕನ ರಿಜಿಸ್ಟರಿನ ಪಕ್ಕದಲ್ಲಿವೆ.